ಮಧ್ಯಾಹ್ನದ ಬಸ್ ವಾಪಸ್ ಬೇಕು, ದಯವಿಟ್ಟು ಎಲ್ಲರೂ ಓದಿ

3ನೇ ಅಡ್ಡರಸ್ತೆ, ಮೂಲೆ ಮನೆ:
ಹೋದ ತಿಂಗಳಿಂದ 11ರಿಂದ 4ರವರೆಗೆ ನಮ್ಮ ಬಡಾವಣೆಗೆ ಅರ್ಧ ಗಂಟೆಗೊಂದು ಬರುತ್ತಿದ್ದ ಬಸ್ ಗಂಟೆಗೊಂದಾಗಿದೆ. ಕೇಳಿದರೆ ಆ ಹೊತ್ತಲ್ಲಿ ಜನವೇ ಇಲ್ಲ ಅನ್ನುತ್ತಾರೆ.

ನಿನ್ನೆ 2 ಗಂಟೆಗೆ ಸ್ಟಾಪಿಗೆ ಹೋಗಿದ್ದೆ. ಒಬ್ಬ ಅಜ್ಜಿ ಎಕ್ಸ್‌ರೇ ಕವರನ್ನೇ ಬಿಸಿಲಿಗೆ ಅಡ್ಡ ಹಿಡಿದು ಕೂತಿದ್ದರು. ಬಸ್ ಕಣ್ಣೆದುರೇ ಹೋಯಿತಂತೆ, ಓಡಲು ಆಗಲಿಲ್ಲ. ಪಕ್ಕದಲ್ಲಿ ಎರಡು ಮನೆ ಕೆಲಸ ಮುಗಿಸಿ ಮೂರನೆಯದಕ್ಕೆ ಹೊರಟವರು. ಐದು ನಿಮಿಷ ತಿರುವಿನ ಕಡೆ ನೋಡಿದರು, ಆಮೇಲೆ ನಡೆದೇ ಹೊರಟರು. ಅವರು ಯಾವ ಟಿಕೆಟ್ ಲೆಕ್ಕದಲ್ಲೂ ಸಿಗುವುದಿಲ್ಲ, ಅಲ್ವಾ?

2ನೇ ಅಡ್ಡರಸ್ತೆ, ಮಹಡಿ ಮನೆ:
ಬೇಜಾರಾಗಬೇಡಿ. ಬೆಳಿಗ್ಗೆ ಎಂಟೂವರೆ ಬಸ್ಸಲ್ಲಿ ಕಾಲಿಡಲು ಜಾಗ ಇಲ್ಲ. ಮಧ್ಯಾಹ್ನದ್ದನ್ನು ಬೆಳಿಗ್ಗೆಗೆ ಕೊಟ್ಟರೆ ಜಾಸ್ತಿ ಜನಕ್ಕೆ ಅನುಕೂಲ ಅಲ್ವಾ?

3ನೇ ಅಡ್ಡರಸ್ತೆ, ಮೂಲೆ ಮನೆ:
ನಿಮ್ಮ ಕಷ್ಟ ನಿಜ. ಆದರೆ ಬೆಳಿಗ್ಗೆ ಇರುವ ಗಾಡಿಗಳೆಲ್ಲ ರಸ್ತೆಗೆ ಇಳಿದಿರುತ್ತವೆ. ಇನ್ನೊಂದು ಬೇಕೆಂದರೆ ಹೊಸ ಗಾಡಿಯನ್ನೇ ತರಬೇಕು. ಮಧ್ಯಾಹ್ನ ಅದೇ ಗಾಡಿಗಳಲ್ಲಿ ಎಷ್ಟೋ ಡಿಪೋದಲ್ಲಿ ಸುಮ್ನೆ ನಿಂತಿರುತ್ತವೆ. ಓಡಿಸಲು ಡೀಸೆಲ್, ಸಿಬ್ಬಂದಿ ಖರ್ಚು ಮಾತ್ರ.

ಇನ್ನೊಂದು ಮಾತು. ಹೊತ್ತು ನೋಡದೆ ಸ್ಟಾಪಿಗೆ ಬಂದವರು ಮೊದಲು ಸರಾಸರಿ 15 ನಿಮಿಷ ಕಾಯುತ್ತಿದ್ದರು, ಈಗ 30. ಹರ್ಬರ್ಟ್ ಮೋರಿಂಗ್ ಎಂಬ ಅರ್ಥಶಾಸ್ತ್ರಜ್ಞ 1972ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ಜನ ಹೆಚ್ಚಿ ಬಸ್ ಹೆಚ್ಚಿದರೆ ಎಲ್ಲರ ಕಾಯುವಿಕೆಯೂ ಇಳಿಯುತ್ತದೆ. ನಮ್ಮಲ್ಲಿ ಅದು ಉಲ್ಟಾ ನಡೆಯುತ್ತಿದೆ. ಬಸ್ ಕಡಿಮೆ ಮಾಡಿದರು, ಕಾದು ಸಾಕಾಗಿ ಜನ ಬಿಟ್ಟರು. ನಾಳೆ ಅದನ್ನೇ ತೋರಿಸಿ ಇನ್ನೂ ಕಡಿಮೆ ಮಾಡುತ್ತಾರೆ.

ಆಫೀಸಿಗೆ ಹೋಗುವವರದು ಹೋಗುವುದೊಂದು, ಬರುವುದೊಂದು. ಮಗುವನ್ನು ಶಾಲೆಯಿಂದ ಕರೆತಂದು, ದಾರಿಯಲ್ಲಿ ಔಷಧಿ ತಗೊಂಡು, ಅಪ್ಪನನ್ನು ಡಾಕ್ಟರ್ ಹತ್ತಿರ ಕರೆದೊಯ್ಯುವವರು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತಾರೆ. ಗಂಟೆಗೊಂದು ಬಸ್ ನಂಬಿ ಅಷ್ಟು ಕೆಲಸ ಆಗುತ್ತದಾ?

ಹಿಂದಿನ ಬೀದಿ, ನಿವೃತ್ತರು:
ನಾವೇ ಒಂದು ವಾರ ಎಣಿಸೋಣ. ಹತ್ತಿದವರನ್ನಷ್ಟೇ ಅಲ್ಲ, ಕಾದು ವಾಪಸ್ ಹೋದವರನ್ನೂ. ಆ ಲೆಕ್ಕ ಇಟ್ಟು ಅರ್ಜಿ ಕೊಡೋಣ. ಸೋಮವಾರ, ಮಂಗಳವಾರ ನಾನು ನಿಲ್ಲುತ್ತೇನೆ.

2ನೇ ಅಡ್ಡರಸ್ತೆ, ಮಹಡಿ ಮನೆ:
ಡಿಪೋ ವಿಷಯ ನನಗೆ ಗೊತ್ತಿರಲಿಲ್ಲ. ಶನಿವಾರ ನನಗೆ ರಜೆ, 12ರಿಂದ 2 ನನ್ನ ಹೆಸರು ಬರೆದುಕೊಳ್ಳಿ. ಅರ್ಜಿಯಲ್ಲಿ ಬೆಳಗಿನ ನೂಕುನುಗ್ಗಲನ್ನೂ ಒಂದು ಸಾಲು ಸೇರಿಸಿ.

3ನೇ ಅಡ್ಡರಸ್ತೆ, ಮೂಲೆ ಮನೆ:
ಖಂಡಿತ ಸೇರಿಸುತ್ತೇನೆ. ಬುಧವಾರ, ಗುರುವಾರ ನನ್ನದು. ಶುಕ್ರವಾರಕ್ಕೆ ಇನ್ನೊಬ್ಬರು ಬೇಕು.