ಸಹಾಯ ಬೇಕು: ರಾತ್ರಿ ಪಾಳಿ ಮಾಡುವ ಮುಂಬಯಿ ಕನ್ನಡಿಗರ ಜತೆ ಮಾತಾಡಬೇಕಿದೆ

ಎಲ್ಲರಿಗೂ ನಮಸ್ಕಾರ. ಇಲ್ಲಿನ ವಿಶ್ವವಿದ್ಯಾಲಯವೊಂದರ ಸಂಶೋಧನಾ ತಂಡದಲ್ಲಿದ್ದೇನೆ. ತಂಬಾಕು, ಕುಡಿತಕ್ಕೂ ನಿದ್ದೆಗೂ ಏನು ನಂಟು ಅನ್ನೋದು ನಮ್ಮ ವಿಷಯ. ಹಿಂದಿ, ಮರಾಠಿಯವರು ಸಿಕ್ಕಿದ್ದಾರೆ, ನಮ್ಮವರೇ ಸಿಗುತ್ತಿಲ್ಲ. ಮಾಟುಂಗಾ, ಫೋರ್ಟ್ ಕಡೆಯ ಹೋಟೆಲ್ ಕೆಲಸದವರು, ಕಲಬುರಗಿ-ವಿಜಯಪುರದಿಂದ ಬಂದ ಕಟ್ಟಡ ಕೆಲಸದವರು, ಟ್ಯಾಕ್ಸಿಯವರು, ವಾಚ್‌ಮನ್‌ಗಳು, 18 ದಾಟಿದ ಯಾರಾದರೂ ಸರಿ.

"ಒಂದು ಪೆಗ್ ಹಾಕಿದ್ರೆ ಒಳ್ಳೆ ನಿದ್ದೆ" ಅಂತಾರಲ್ಲ, ಬೇಗ ಜೋಂಪು ಹತ್ತುವುದೇನೋ ನಿಜ. ಆದರೆ ನಶೆ ಇಳಿಯುತ್ತಾ ಬಂದಂತೆ ರಾತ್ರಿಯ ಎರಡನೇ ಅರ್ಧದಲ್ಲಿ ಮತ್ತೆ ಮತ್ತೆ ಎಚ್ಚರವಾಗುತ್ತದೆ. ನಿಕೋಟಿನ್ ಉತ್ತೇಜಕ, ಪಾಳಿಯಲ್ಲಿ ಕಣ್ಣು ಮುಚ್ಚದಿರಲಿ ಅಂತ ದವಡೆಗಿಟ್ಟ ತಂಬಾಕೇ ಬೆಳಿಗ್ಗೆ ಮಲಗಲು ಬಿಡುವುದಿಲ್ಲ. (ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧವಾಗಿದ್ದು 2012ರಲ್ಲಿ. ಸಿಗುತ್ತಾ ಇಲ್ಲವಾ ನಿಮಗೇ ಗೊತ್ತು.) ಇದೆಲ್ಲ ಪುಸ್ತಕದ ಮಾತು, ಜನ ಹೇಗೆ ನಿಭಾಯಿಸುತ್ತಾರೆ ಅನ್ನೋದು ಅವರ ಬಾಯಲ್ಲೇ ಕೇಳಬೇಕು.

ಕಳೆದ ತಿಂಗಳ ನಿದ್ದೆ ಬಗ್ಗೆ ಕೆಲವು ಪ್ರಶ್ನೆ, ಆಮೇಲೆ ಮಾತುಕತೆ. ರಕ್ತಗಿಕ್ತ ತೆಗೆಯುವುದಿಲ್ಲ. ಹೆಸರು ಬರೆದುಕೊಳ್ಳುವುದಿಲ್ಲ, ಬುದ್ಧಿವಾದ ಹೇಳುವುದಿಲ್ಲ, ಸಾಕು ಅನಿಸಿದರೆ ಮಧ್ಯದಲ್ಲೇ ಎದ್ದು ಹೋಗಬಹುದು.

ಹೋಟೆಲ್ ಮಾಲೀಕರಲ್ಲಿ ವಿನಂತಿ: ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹುಡುಗರಿಗೆ ಅರ್ಧ ಗಂಟೆ ಬಿಡುವು ಕೊಡಿ. ದಯವಿಟ್ಟು ಪಕ್ಕದಲ್ಲಿ ಕೂರಬೇಡಿ, ನೀವಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಪರಿಚಯದವರಿದ್ದರೆ ಅವರನ್ನೇ ಮೊದಲು ಕೇಳಿ, ಒಪ್ಪಿದರೆ ನನಗೆ ಮೆಸೇಜ್ ಮಾಡಿ. ನಂಬರ್ ಗ್ರೂಪಿನಲ್ಲಿ ಹಾಕಬೇಡಿ. ನಮ್ಮದು ಚಿಕಿತ್ಸೆ ಅಲ್ಲ. ಚಟ ಬಿಡಬೇಕು ಅನ್ನುವವರು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಬಹುದು.