ಬಿಎಗೆ ಐಚ್ಛಿಕ ಕನ್ನಡ ತಗೋಬಹುದಾ? ತಂಗಿ ಹಟ ಹಿಡಿದಿದಾಳೆ

ತುಂಗಾತೀರ:
ತಂಗಿ ಕಾಮರ್ಸಲ್ಲಿ ಪಿಯು ಮುಗಿಸಿದಾಳೆ, ಮಾರ್ಕ್ಸ್ ಚೆನ್ನಾಗೇ ಬಂದಿದೆ, ಈಗ ಬಿಕಾಂ ಬೇಡ, ಬಿಎಗೆ ಹೋಗಿ ಇತಿಹಾಸದ ಜೊತೆ ಐಚ್ಛಿಕ ಕನ್ನಡ ತಗೋತೀನಿ ಅಂತಾಳೆ. ಅಪ್ಪ ಕತೆ ಕವನ ಮನೇಲೇ ಓದ್ಕೋಬಹುದಲ್ಲ, ಅದಕ್ಕೆ ಕಾಲೇಜು ಯಾಕೆ ಅಂತಾರೆ. ಓದಿದವರು ಹೇಳಿ ಪ್ಲೀಸ್.

ಬಯಲುಸೀಮೆ:
ಕೆಲಸದ ವಿಷಯ ಮೊದಲು. ಬಿಎಡ್ ಮಾಡಿದ್ರೆ ಹೈಸ್ಕೂಲ್ ಮೇಷ್ಟ್ರ ಕೆಲಸಕ್ಕೆ ಅಪ್ಲೈ ಮಾಡಬಹುದು, ಎಂಎ ಆದ್ಮೇಲೆ ಕಾಲೇಜು ಉಪನ್ಯಾಸಕರ ಕೆಲಸಕ್ಕೆ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆಸೆಟ್ ಬರೀಬಹುದು, ಯುಪಿಎಸ್‌ಸಿ ಮೇನ್ಸಲ್ಲಿ ಕನ್ನಡ ಸಾಹಿತ್ಯ ಐಚ್ಛಿಕ ತಗೊಂಡ್ರೆ 500 ಅಂಕ. ಆದ್ರೆ ನೇಮಕಾತಿ ಯಾವಾಗ ಕರೀತಾರೋ ಗ್ಯಾರಂಟಿ ಇಲ್ಲ, ಅತಿಥಿ ಉಪನ್ಯಾಸಕರ ಪಾಡು ನೋಡ್ತಾನೇ ಇದೀವಲ್ಲ.

ಓದುಮನೆ:
ಮನೇಲೇ ಓದ್ಕೋಬಹುದು ಅನ್ನೋದು ಕಾದಂಬರಿಗೆ ಸರಿ, ಹಳಗನ್ನಡಕ್ಕೆ ಆಗಲ್ಲ. ರನ್ನನ ಗದಾಯುದ್ಧ ನಮಗೆ ಪಠ್ಯ ಇತ್ತು. ದುರ್ಯೋಧನ ರಣರಂಗದಲ್ಲಿ ಹೆಣಗಳ ಮಧ್ಯೆ ನಡ್ಕೊಂಡು ಹೋಗ್ತಾ ಅಭಿಮನ್ಯುವನ್ನ ನೋಡ್ತಾನೆ, ಅವನು ಶತ್ರುವಿನ ಮಗ, ತನ್ನ ಮಗ ಲಕ್ಷಣನನ್ನೇ ಕೊಂದವನು, ಆದ್ರೂ ಅವನಿಗೆ ಕೈಮುಗಿದು ನಿನ್ನ ಸಾಹಸದ ಒಂದು ಪಾಲಾದ್ರೂ ಇರೋ ಸಾವು ನನಗೂ ಬರಲಿ ಅಂತ ಬೇಡ್ಕೋತಾನೆ. ಆಮೇಲೆ ಲಕ್ಷಣನ ಹೆಣ ಕಾಣುತ್ತೆ. ಮಗ ಅಪ್ಪನಿಗೆ ತರ್ಪಣ ಬಿಡಬೇಕು, ಈಗ ನಾನೇ ನಿನಗೆ ಬಿಡೋ ಹಾಗಾಯ್ತಲ್ಲ, ಕ್ರಮವನ್ನೇ ತಿರುಗುಮುರುಗು ಮಾಡಿಬಿಟ್ಯಲ್ಲ ಅಂತ ಅಳ್ತಾನೆ. ಮೇಡಂ ಒಂದೊಂದೇ ಪದ ಬಿಡಿಸಿ ಹೇಳ್ತಿದ್ರು, ಚಿಕ್ಕಂದಿನಿಂದ ದುರ್ಯೋಧನ ಅಂದ್ರೆ ಕೆಟ್ಟವನು ಅಂತ ಕೇಳಿ ಬೆಳೆದ ನಾವೆಲ್ಲ ಅವತ್ತು ಕ್ಲಾಸಲ್ಲಿ ಜಗಳವೇ ಆಡಿದ್ವಿ, ದ್ರೌಪದಿ ಸೀರೆ ಎಳೆಸಿದವನಿಗೆ ಅಳಬೇಕಾ ಅಂತ ಒಬ್ಳು, ಅಪ್ಪ ಅಪ್ಪನೇ ಅಲ್ವಾ ಅಂತ ಇನ್ನೊಬ್ಳು. ಈ ಜಗಳ ಒಬ್ರೇ ಮನೇಲಿ ಕೂತು ಓದಿದ್ರೆ ಎಲ್ಲಿ ಸಿಗುತ್ತೆ ಹೇಳಿ.

ಮಲೆನಾಡಿಗ:
ಮೇಲಿನವರ ಮಾತು ನಿಜ, ಆದ್ರೆ ಪಾಠ ಮಾಡೋರು ಅಂಥೋರು ಇದ್ರೆ ಮಾತ್ರ. ನಮ್ಮಲ್ಲಿ ನೋಟ್ಸ್ ಡಿಕ್ಟೇಟ್ ಮಾಡಿ ಮುಗಿಸ್ತಿದ್ರು, ಗೈಡ್ ಓದಿ ಪಾಸಾದ್ವಿ, ಮೂಲ ಪದ್ಯ ಕಣ್ಣಲ್ಲೂ ನೋಡಿಲ್ಲ, ಅದು ಈಗಲೂ ಬೇಜಾರು. ಅಡ್ಮಿಷನ್‌ಗೆ ಮುಂಚೆ ಆ ಕಾಲೇಜಿನ ಸೀನಿಯರ್ಸ್ ಹತ್ರ ಕೇಳಿ, ಪದ್ಯ ಬೋರ್ಡ್ ಮೇಲೆ ಬರೆದು ಬಿಡಿಸಿ ಹೇಳ್ತಾರಾ, ಲೈಬ್ರರಿಯಿಂದ ಪುಸ್ತಕ ಮನೆಗೆ ಕೊಡ್ತಾರಾ ಅಂತ.

ತುಂಗಾತೀರ:
ಥ್ಯಾಂಕ್ಸ್ ಎಲ್ಲರಿಗೂ. ಅಪ್ಪಂಗೆ ಆ ಲಕ್ಷಣನ ಪದ್ಯ ತೋರಿಸ್ಬೇಕು ಅನ್ನಿಸ್ತಿದೆ, ಗದ್ಯಾನುವಾದ ಇರೋ ಪ್ರತಿ ಎಲ್ಲಿ ಸಿಗುತ್ತೆ?