ವಯಸ್ಕ ಕಲಿಕಾರ್ಥಿಗಳ ಪ್ರಗತಿ: ಕೊನೆಯ ಪರೀಕ್ಷೆಯ ಅಂಕವನ್ನು ನಂಬದೆ ಅಳೆಯುವುದು ಹೇಗೆ?

ಸಂಜೆತರಗತಿ (ಪ್ರಶ್ನೆ)

ನಮಸ್ಕಾರ. ವಯಸ್ಕರ ಸಾಕ್ಷರತಾ ತರಗತಿ ನಡೆಸುವವರು, ಮೇಲ್ವಿಚಾರಣೆ ನೋಡಿಕೊಳ್ಳುವವರು ದಯವಿಟ್ಟು ಸಲಹೆ ಕೊಡಿ. 24 ಕಲಿಕಾರ್ಥಿಗಳು, ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ, ಒಟ್ಟು ಆರು ತಿಂಗಳು. ಸದ್ಯಕ್ಕೆ ಅಳತೆ ಅಂತ ಇರುವುದು ಕೊನೆಯ ದಿನದ ಒಂದು ಪರೀಕ್ಷೆ ಮಾತ್ರ. ಓದು, ಬರಹ, ಲೆಕ್ಕ ಮೂರಕ್ಕೂ ಅಂಕ ಹಾಕಿ, ಕೂಡಿಸಿ, ಪಾಸು ಇಲ್ಲವೇ ಫೇಲು ಅಂತ ಬರೆಯುವುದು.

ಈ ಅಂಕ ನಿಜ ಹೇಳುತ್ತಿಲ್ಲ ಅನ್ನಿಸುತ್ತಿದೆ. ಪಾಸಾದ ಕೆಲವರು ಪುಸ್ತಕದ ಪಾಠವನ್ನು ಸರಾಗವಾಗಿ ಓದುತ್ತಾರೆ. ಅದೇ ಪದಗಳನ್ನು ಬೇರೆ ಹಾಳೆಯಲ್ಲಿ ಹಿಂದುಮುಂದು ಮಾಡಿ ಕೊಟ್ಟರೆ ನಿಂತುಬಿಡುತ್ತಾರೆ. ಫೇಲಾದ ಕೆಲವರು ಮೊಬೈಲಿಗೆ ಬಂದ ಮೆಸೇಜನ್ನು ನಿಧಾನಕ್ಕಾದರೂ ತಾವೇ ಓದಿಕೊಳ್ಳುತ್ತಾರೆ. ಬೋಧಕರು ಇಬ್ಬರೇ, ಒಬ್ಬೊಬ್ಬ ಕಲಿಕಾರ್ಥಿಗೆ ತಿಂಗಳಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಲಾಗದು. ಏನನ್ನು ಅಳೆಯಬೇಕು, ಎಷ್ಟು ದಿನಕ್ಕೊಮ್ಮೆ, ಯಾವುದರ ಜೊತೆ ಹೋಲಿಸಬೇಕು?

ಬಳಪ

ಮೇಡಂ, ಮೊದಲ ತೊಡಕು ನೀವೇ ಹೇಳಿದ್ದೀರಿ: ಮೂರನ್ನೂ ಕೂಡಿಸುವುದು. ಲೆಕ್ಕದಲ್ಲಿ ಬಂದ ಅಂಕ ಓದಿನ ಕೊರತೆಯನ್ನು ಮುಚ್ಚಿಹಾಕುತ್ತದೆ. ಮೂರನ್ನೂ ಮೂರು ಕಾಲಂಗಳಲ್ಲೇ ಇಡಿ, ಎಲ್ಲಿಯೂ ಕೂಡಿಸಬೇಡಿ.

ಎರಡನೆಯದು, ಶುರುವಿನ ಅಳತೆ. ಮೊದಲ ವಾರದಲ್ಲೇ ಅದು ಆಗಬೇಕು. ‘ಏನೂ ಬರುವುದಿಲ್ಲ’ ಎಂದು ಹೆಸರು ಬರೆಸಿದವರಲ್ಲಿ ಹಲವರಿಗೆ ಅರ್ಧ ಅಕ್ಷರಮಾಲೆ ಗೊತ್ತಿರುತ್ತದೆ. ‘ಸಹಿ ಬರುತ್ತದೆ’ ಎನ್ನುವವರಿಗೆ ಸಹಿಯೊಳಗಿನ ಅಕ್ಷರಗಳನ್ನು ಬಿಡಿಸಿ ತೋರಿಸಿದರೆ ಗುರುತು ಹತ್ತುವುದಿಲ್ಲ, ಅವರು ಸಹಿಯನ್ನು ಚಿತ್ರದಂತೆ ಬಿಡಿಸುತ್ತಿರುತ್ತಾರೆ. ಈ ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದರೆ ಆರು ತಿಂಗಳ ನಂತರ ಯಾರು ಎಷ್ಟು ದೂರ ಬಂದರು ಎಂದು ತಿಳಿಯುವುದಿಲ್ಲ.

ಓದಿಗೆ ಐದು ಮೆಟ್ಟಿಲಿನ ಒಂದು ಹಾಳೆ ಸಾಕು. ಮೊದಲು ಬಿಡಿ ಅಕ್ಷರ, 20. ವರ್ಣಮಾಲೆಯ ಕ್ರಮದಲ್ಲಿ ಕೊಡಬೇಡಿ, ಬಾಯಿಪಾಠ ಕೆಲಸ ಮಾಡಿಬಿಡುತ್ತದೆ. ಪ‑ಷ, ದ‑ಧ, ವ‑ಮ, ರ‑ಠ ಇಂಥ ಕಣ್ಣು ತಪ್ಪಿಸುವ ಜೋಡಿಗಳು ಅದರಲ್ಲಿ ಇರಲಿ. ಆಮೇಲೆ ಕಾಗುಣಿತದ ಪದ 10 (ಕೊಡು‑ಕೋಡು, ಬಿಡು‑ಬೀಡು ಥರದವು). ಮೂರನೆಯದು ಸಜಾತಿ ಒತ್ತಿನ ಪದ 10 (ಅಕ್ಕ, ಹಳ್ಳಿ). ನಾಲ್ಕನೆಯದು ವಿಜಾತಿ ಒತ್ತು ಮತ್ತು ಅರ್ಕಾವತ್ತಿನ ಪದ 10 (ರಸ್ತೆ, ಶಕ್ತಿ, ಸೂರ್ಯ). ಕೊನೆಗೆ ಸುಮಾರು 100 ಅಕ್ಷರಗಳ ಒಂದು ಚಿಕ್ಕ ಗದ್ಯ. ಬರೀ ಗದ್ಯ ಕೊಟ್ಟರೆ ಮೊದಲ ಎರಡು ತಿಂಗಳು ಅರ್ಧ ತರಗತಿ ಸೊನ್ನೆಯಲ್ಲೇ ನಿಲ್ಲುತ್ತದೆ. ಅವರು ಕಲಿಯುತ್ತಿಲ್ಲವೆಂದಲ್ಲ, ನಿಮ್ಮ ಅಳತೆಗೋಲು ಅಷ್ಟು ಕೆಳಗಿನಿಂದ ಶುರುವಾಗುವುದಿಲ್ಲ ಅಷ್ಟೆ. ಸಾಲಾಗಿ ಐದು ತಪ್ಪಾದರೆ ಅಲ್ಲಿಗೇ ನಿಲ್ಲಿಸಿ. ಒಬ್ಬರಿಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ವೇಗವನ್ನು ಪದದಲ್ಲಿ ಎಣಿಸಬೇಡಿ, ಅಕ್ಷರದಲ್ಲಿ ಎಣಿಸಿ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಇಟ್ಟಿದ್ದ ಮಟ್ಟ ನಿಮಗೆ ಗೊತ್ತೇ ಇರುತ್ತದೆ: ಗಟ್ಟಿ ಓದು ನಿಮಿಷಕ್ಕೆ 30 ಪದ, ಮೌನ ಓದು 35, ನೋಡಿ ಬರೆಯುವುದು 7, ಉಕ್ತಲೇಖನ 5. ಕನ್ನಡದಲ್ಲಿ ‘ಮರ’ವೂ ಒಂದು ಪದ, ‘ಹೋಗಬೇಕಾಗಿರುವುದರಿಂದ’ವೂ ಒಂದು ಪದ. ಮೊದಲನೆಯದು ಎರಡು ಅಕ್ಷರ, ಎರಡನೆಯದು ಹತ್ತು. ಜನವರಿಯ ಗದ್ಯದಲ್ಲಿ ಚಿಕ್ಕ ಪದಗಳು, ಮಾರ್ಚಿನದರಲ್ಲಿ ಪ್ರತ್ಯಯ ಹತ್ತಿಸಿದ ಉದ್ದ ಪದಗಳು ಇದ್ದರೆ, ಚೆನ್ನಾಗಿ ಕಲಿತವರೂ ಹಿಂದೆ ಬಿದ್ದಂತೆ ಕಾಣುತ್ತಾರೆ. ಪದಕ್ಕೆ ಸರಾಸರಿ ಮೂರೂವರೆ ಅಕ್ಷರ ಹಿಡಿದರೆ 30 ಪದ ಎಂದರೆ ನಿಮಿಷಕ್ಕೆ ಸುಮಾರು 105 ಅಕ್ಷರ. ಆ ಗುರಿ ಗೋಡೆಯ ಮೇಲಿರಲಿ, ಆದರೆ ಹೋಲಿಕೆ ಮಾತ್ರ ಅದೇ ವ್ಯಕ್ತಿಯ ಹೋದ ತಿಂಗಳ ಸಂಖ್ಯೆಯ ಜೊತೆ.

ಗದ್ಯಗಳು ಪಠ್ಯಪುಸ್ತಕದಿಂದ ಬರಲೇಬಾರದು. ಮೊದಲೇ ಆರು ಬರೆದಿಟ್ಟುಕೊಳ್ಳಿ, ಪ್ರತಿಯೊಂದೂ 100 ಅಕ್ಷರ, ಅದರಲ್ಲಿ ಒತ್ತಕ್ಷರ 12ರಿಂದ 15. ಒಂದೇ ದಿನ ಅರ್ಧ ಜನರಿಗೆ ಮೊದಲನೆಯದು, ಅರ್ಧ ಜನರಿಗೆ ಎರಡನೆಯದು ಕೊಡಿ. ಮುಂದಿನ ತಿಂಗಳು ಅದಲು ಬದಲು. ಎರಡು ತಿಂಗಳೂ ಒಂದೇ ಗದ್ಯಕ್ಕೆ ಹತ್ತು ಹನ್ನೆರಡು ಅಕ್ಷರ ಹೆಚ್ಚು ಬಂದರೆ ಆ ಗದ್ಯವೇ ಸುಲಭ, ಕಲಿಕಾರ್ಥಿಗಳದ್ದಲ್ಲ ಆ ಏರಿಕೆ.

ಎಣಿಕೆಪುಸ್ತಕ

ಬಳಪ ಅವರು ಹೇಳಿದ್ದಕ್ಕೆ ಸೇರಿಸುವುದು ಲೆಕ್ಕದ ಬಗ್ಗೆ ಮತ್ತು ವರದಿಯ ಬಗ್ಗೆ.

ವಯಸ್ಕರಿಗೆ ಬಾಯಿಲೆಕ್ಕ ಚೆನ್ನಾಗಿ ಬರುತ್ತದೆ, ಆದ್ದರಿಂದ ಅದೇ ಪ್ರಶ್ನೆಯನ್ನು ಮೊದಲು ಬಾಯಲ್ಲಿ ಕೇಳಿ, ಆಮೇಲೆ ಬರೆಯಲು ಕೊಡಿ. 52ರಲ್ಲಿ 38 ಹೋದರೆ ಎಷ್ಟು ಎಂದರೆ ಥಟ್ಟನೆ ‘ಹದಿನಾಲ್ಕು’ ಎನ್ನುವವರು ಕಾಗದದ ಮೇಲೆ 26 ಬರೆಯುತ್ತಾರೆ. ಎಂಟರಲ್ಲಿ ಎರಡು ಕಳೆದು ಆರು, ಐದರಲ್ಲಿ ಮೂರು ಕಳೆದು ಎರಡು: ಬಿಡಿಸ್ಥಾನದಲ್ಲಿ ಚಿಕ್ಕದನ್ನು ದೊಡ್ಡದರಿಂದ ಕಳೆದಿದ್ದಾರೆ. ಅವರಿಗೆ ಕಳೆಯುವುದು ಬರುತ್ತದೆ, ದಶಕ ಬಿಡಿಸಿ ಬರೆಯುವುದು ಬರುವುದಿಲ್ಲ. ಬರಹದ ಅಂಕವೊಂದನ್ನೇ ನೋಡಿದ ಬೋಧಕ ಅವರಿಗೆ ಮತ್ತೆ ಕಡ್ಡಿ ಎಣಿಸಲು ಹೇಳುತ್ತಾನೆ, ಮುಂದಿನ ವಾರ ಅವರು ಬರುವುದಿಲ್ಲ. ಸಂಖ್ಯೆ ಬರೆಸುವಾಗ ‘ಮುನ್ನೂರ ಇಪ್ಪತ್ತೈದು’ ಮತ್ತು ‘ನೂರ ಐದು’ ಎರಡನ್ನೂ ಹೇಳಿ ನೋಡಿ. 30025, 1005 ಅಂತ ಬಂದರೆ ಸ್ಥಾನಬೆಲೆ ಇನ್ನೂ ಕೂತಿಲ್ಲ, ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾರೆ.

ಇನ್ನು ವರದಿ. ತರಗತಿಯ ಸರಾಸರಿ ಏರಿತು ಎಂದು ಬರೆಯುವ ಮುಂಚೆ ಯಾರು ಬಿಟ್ಟುಹೋದರು ಎಂದು ನೋಡಿ. 24 ಜನರ ಶುರುವಿನ ಸರಾಸರಿ ನಿಮಿಷಕ್ಕೆ 30 ಅಕ್ಷರ ಎಂದಿಟ್ಟುಕೊಳ್ಳಿ. ತೀರಾ ಹಿಂದಿದ್ದ ಎಂಟು ಜನ, ಸರಾಸರಿ 12 ಇದ್ದವರು, ನಡುವೆ ಬಿಟ್ಟರು. ಉಳಿದ 16 ಜನ ಒಂದಕ್ಷರ ಹೆಚ್ಚು ಕಲಿಯದಿದ್ದರೂ ಸರಾಸರಿ 39 ಆಗುತ್ತದೆ. ಪ್ರಗತಿಯಂತೆ ಕಾಣುವ ಆ ಒಂಬತ್ತು ಅಕ್ಷರಗಳು ನಿಜಕ್ಕೂ ನಾವು ಕಳೆದುಕೊಂಡ ಎಂಟು ಜನ. ಅದಕ್ಕೇ ಎರಡೂ ಸಲ ಅಳೆದವರನ್ನು ಮಾತ್ರ ಹೋಲಿಸಿ, ಬಿಟ್ಟವರ ಸಂಖ್ಯೆ ಮತ್ತು ಅವರ ಶುರುವಿನ ಮಟ್ಟವನ್ನು ಪಕ್ಕದ ಸಾಲಿನಲ್ಲೇ ಬರೆಯಿರಿ, ಬೇರೆ ಪುಟದಲ್ಲಿ ಅಲ್ಲ.

ಹಾಜರಿಯನ್ನು ದಿನದಲ್ಲಿ ಅಲ್ಲ, ಗಂಟೆಯಲ್ಲಿ ಇಡಿ. 60 ಗಂಟೆ ಕೂತವರು ಮತ್ತು 170 ಗಂಟೆ ಕೂತವರು ಇಬ್ಬರೂ ‘ಆರು ತಿಂಗಳ ಕಲಿಕಾರ್ಥಿ’ಗಳೇ ಆಗಿಬಿಡುತ್ತಾರೆ.

ಸಂಜೆತರಗತಿ

ಇಬ್ಬರಿಗೂ ಧನ್ಯವಾದ. ಮೂರು ಅನುಮಾನ ಉಳಿದಿವೆ. ಗಡಿಯಾರ ಹಿಡಿದು ಕೂತರೆ ವಯಸ್ಸಾದವರ ಕೈ, ದನಿ ಎರಡೂ ನಡುಗುತ್ತವೆ. ಅಂದಾಜಿನ ಮೇಲೆ ಓದುತ್ತಿದ್ದಾರೋ ನಿಜಕ್ಕೂ ಓದುತ್ತಿದ್ದಾರೋ ಎಂದು ನೋಡಲು ಅರ್ಥವಿಲ್ಲದ ಪದ ಕೊಡಬೇಕು ಎನ್ನುತ್ತಾರೆ, ಆದರೆ ದೊಡ್ಡವರಿಗೆ ‘ಟಗಮು, ನೀರಪೆ’ ಓದಿ ಅನ್ನಲು ನಾಚಿಕೆಯಾಗುತ್ತದೆ. ಉಕ್ತಲೇಖನಕ್ಕೆ ಅಂಕ ಹಾಕುವುದು ಹೇಗೆ ಎಂಬುದೂ ಬೋಧಕರಿಬ್ಬರಲ್ಲಿ ಒಮ್ಮತವಿಲ್ಲ.

ದೊಡ್ಡಕ್ಷರ

ಗಡಿಯಾರಕ್ಕಿಂತ ಮುಂಚೆ ಕಣ್ಣು ನೋಡಿ. ನಲವತ್ತು ದಾಟಿದವರಿಗೆ ಹತ್ತಿರದ ನೋಟ ಮಂಜಾಗುವುದು ಸಹಜ, ಸಂಜೆಯ ಬೆಳಕಿನಲ್ಲಿ ಇನ್ನೂ ಹೆಚ್ಚು. ಒತ್ತಕ್ಷರವಂತೂ ಗೆರೆಯ ಕೆಳಗೆ ಚಿಕ್ಕದಾಗಿ ಕೂರುತ್ತದೆ; ಮೊದಲು ಕಣ್ಣಿಗೆ ತಪ್ಪುವುದೇ ಅದು. ಒಂದೇ ಹಾಳೆಯನ್ನು ಎರಡು ಅಳತೆಯಲ್ಲಿ ಮುದ್ರಿಸಿಟ್ಟುಕೊಳ್ಳಿ, 14 ಪಾಯಿಂಟ್ ಮತ್ತು 24 ಪಾಯಿಂಟ್. ದೊಡ್ಡದರಲ್ಲಿ ಸಲೀಸಾಗಿ ಓದಿ ಚಿಕ್ಕದರಲ್ಲಿ ತಡವರಿಸಿದರೆ ಅವರಿಗೆ ಬೇಕಾದದ್ದು ಕನ್ನಡಕ. ಇದೊಂದನ್ನು ಯಾರೂ ಬಿಡಬಾರದು ಎಂದು ಕೈಮುಗಿದು ಹೇಳುತ್ತೇನೆ. ‘ತಲೆಗೆ ಹತ್ತುತ್ತಿಲ್ಲ’ ಎಂದು ತಮ್ಮನ್ನೇ ಹಳಿದುಕೊಂಡು ಬಿಟ್ಟುಹೋಗುವವರಲ್ಲಿ ಎಷ್ಟೋ ಜನರ ತೊಂದರೆ ಕಣ್ಣಿನದ್ದು.

ಗಡಿಯಾರ ಎದುರಿಗೆ ಬೇಡ. ಫೋನಿನಲ್ಲಿ ದನಿ ಮುದ್ರಿಸಿಕೊಳ್ಳಿ, ಅವರ ಒಪ್ಪಿಗೆ ಕೇಳಿ. ಪೂರ್ತಿ ಓದಲು ಬಿಡಿ. ಆಮೇಲೆ ಕೇಳುತ್ತಾ ಒಂದು ನಿಮಿಷಕ್ಕೆ ಎಲ್ಲಿದ್ದರು ಎಂದು ಗೆರೆ ಎಳೆದರಾಯಿತು. ಇದರಿಂದ ಇನ್ನೊಂದು ಅನುಕೂಲವೂ ಇದೆ: ಇಬ್ಬರು ಬೋಧಕರೂ ಅದೇ ಐದು ಜನರ ಮುದ್ರಣ ಕೇಳಿ ಬೇರೆ ಬೇರೆಯಾಗಿ ಗುರುತು ಹಾಕಲಿ. ನೂರಕ್ಕೆ ಐದಕ್ಷರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೂತು ನಿಯಮ ಒಪ್ಪಿಕೊಳ್ಳಲಿ. ಹೆಚ್ಚಾಗಿ ಜಗಳ ಬರುವುದು ಉಚ್ಚಾರದಲ್ಲಿ. ‘ಹಾಲು’ ನೋಡಿ ‘ಆಲು’ ಅಂದರೆ, ‘ಶಾಲೆ’ಗೆ ‘ಸಾಲೆ’ ಅಂದರೆ ಅದು ಓದಿನ ತಪ್ಪಲ್ಲ, ಅವರು ದಿನವೂ ಆಡುವ ಮಾತು. ಅದಕ್ಕೆ ಅಂಕ ಕಳೆದರೆ ನಾವು ಅಳೆಯುತ್ತಿರುವುದು ಓದನ್ನಲ್ಲ, ಅವರ ಆಡುನುಡಿಯನ್ನು. ಸಾಧ್ಯವಾದರೆ ಬೋಧಕರು ತಮ್ಮ ಗುಂಪನ್ನು ತಾವೇ ಅಳೆಯದೆ ಒಬ್ಬರ ಗುಂಪನ್ನು ಇನ್ನೊಬ್ಬರು ಅಳೆಯಲಿ. ದಿನವೂ ನೋಡುವವರಿಗೆ ಗೊತ್ತಿಲ್ಲದೆಯೇ ತುಟಿ ಆಡಿಸಿ ಸುಳಿವು ಕೊಡುವ ಅಭ್ಯಾಸ ಬಂದಿರುತ್ತದೆ.

ಅರ್ಥವಿಲ್ಲದ ಪದದ ಬದಲು ಅವರು ಕೇಳಿರದ ಊರಿನ, ಮನುಷ್ಯರ ಹೆಸರು ಕೊಡಿ. ಹೆಸರನ್ನು ಊಹಿಸಲು ಬರುವುದಿಲ್ಲ, ಅಕ್ಷರ ಕೂಡಿಸಿಯೇ ಓದಬೇಕು. ಓದುವ ಕಾರಣವೂ ಗೌರವದ್ದು.

ಅರ್ಥಗ್ರಹಣದ ಪ್ರಶ್ನೆಗಳನ್ನು ಒಮ್ಮೆ ಗದ್ಯ ತೋರಿಸದೆಯೇ ಯಾರಿಗಾದರೂ ಕೇಳಿ ನೋಡಿ. ‘ಕುಡಿಯುವ ನೀರನ್ನು ಏಕೆ ಕಾಯಿಸಬೇಕು?’ ಎಂದರೆ ಓದದವರೂ ಹೇಳುತ್ತಾರೆ. ‘ಸಭೆ ಯಾವ ದಿನಕ್ಕೆ ಮುಂದೆ ಹೋಯಿತು?’ ಎಂಬುದಕ್ಕೆ ಓದಿಯೇ ಹೇಳಬೇಕು. ನಾಲ್ಕು ಪ್ರಶ್ನೆಯಲ್ಲಿ ಮೂರಾದರೂ ಈ ಥರದ್ದಿರಲಿ.

ಮೂರು ತಿಂಗಳಿಗೊಮ್ಮೆ ಬದುಕಿನ ಕೆಲಸವನ್ನೇ ಕೊಟ್ಟು ನೋಡುವುದೂ ಬೇಕು. ಯುನೆಸ್ಕೊ 1958ರಲ್ಲಿ ಹೇಳಿದ್ದು ನಿತ್ಯ ಬದುಕಿನ ಬಗ್ಗೆ ಒಂದು ಸರಳ ಹೇಳಿಕೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರು ಸಾಕ್ಷರರು ಎಂದು. 1978ರಲ್ಲಿ ಅದಕ್ಕೆ ಜೊತೆಯಾಗಿ, ಗುಂಪಿನಲ್ಲಿ, ಸಮುದಾಯದಲ್ಲಿ ಅಕ್ಷರ ಬೇಕಾಗುವ ಕೆಲಸಗಳಲ್ಲಿ ತೊಡಗಬಲ್ಲವರು ಎಂಬ ಮಾತೂ ಬಂತು. ಔಷಧಿ ಚೀಟಿಯ ಮೇಲಿನ ಹೊತ್ತು, ಒಂದು ಅರ್ಜಿಯ ಹೆಸರು‑ವಿಳಾಸ‑ದಿನಾಂಕದ ಖಾನೆ, ಒಂದು ಮೆಸೇಜು ಓದಿ ಎರಡು ಪದದ ಉತ್ತರ. ಪ್ರತಿಯೊಂದಕ್ಕೂ ‘ತಾನೇ ಮಾಡಿದರು, ಒಂದು ಸುಳಿವಿನಿಂದ ಮಾಡಿದರು, ಇನ್ನೂ ಆಗಲಿಲ್ಲ’ ಎಂಬ ಮೂರೇ ಗುರುತು. ‘ನಿಮಗೆ ಅರ್ಜಿ ತುಂಬಲು ಬರುತ್ತದೆಯೇ?’ ಎಂದು ಬಾಯಲ್ಲಿ ಕೇಳಿ ಟಿಕ್ ಹಾಕಬೇಡಿ. ಸಂಕೋಚದವರು ಇಲ್ಲ ಅನ್ನುತ್ತಾರೆ, ಬೋಧಕರ ಮನಸ್ಸು ನೋಯಿಸಲಾರದವರು ಹೂಂ ಅನ್ನುತ್ತಾರೆ.

ಬಳಪ

ಉಕ್ತಲೇಖನದ ಬಗ್ಗೆ. ಪದಕ್ಕೆ ಅಂಕ ಹಾಕಿದರೆ ತುಂಬಾ ಮಾಹಿತಿ ಕೈಬಿಟ್ಟುಹೋಗುತ್ತದೆ. ಒಂದು ವಾಕ್ಯ ಹಿಡಿದು ನೋಡೋಣ. ಹೇಳಿದ್ದು: ‘ರಸ್ತೆಯ ಪಕ್ಕದಲ್ಲಿ ದೊಡ್ಡ ಮರ ಇದೆ’. ಬರೆದದ್ದು: ‘ರಸತೆಯ ಪಕದಲಿ ದೊಡ ಮರ ಇದೆ’. ಪದದ ಲೆಕ್ಕದಲ್ಲಿ ಐದಕ್ಕೆ ಎರಡು ಸರಿ. ಅಕ್ಷರದ ಲೆಕ್ಕದಲ್ಲಿ ಹದಿಮೂರಕ್ಕೆ ಒಂಬತ್ತು ಸರಿ. ತಪ್ಪಿದ ನಾಲ್ಕೂ ಒತ್ತಕ್ಷರಗಳು: ಸ್ತೆ, ಕ್ಕ, ಲ್ಲಿ, ಡ್ಡ. ಕಾಗುಣಿತ ಒಂದೂ ತಪ್ಪಿಲ್ಲ. ಎತ್ವ, ಇತ್ವ, ಒತ್ವ ಎಲ್ಲವೂ ಜಾಗದಲ್ಲಿವೆ.

ಆ ನಾಲ್ಕರಲ್ಲೂ ಎರಡು ಬಗೆ ಇದೆ. ‘ಸ್ತೆ’ಯನ್ನು ‘ಸತೆ’ ಎಂದು ಬರೆದವರಿಗೆ ಎರಡು ದನಿಯೂ ಕೇಳಿಸಿದೆ, ಎರಡು ಅಕ್ಷರವೂ ಗೊತ್ತು, ಒಂದನ್ನು ಇನ್ನೊಂದರ ಕೆಳಗೆ ಇಡುವುದು ಮಾತ್ರ ಗೊತ್ತಿಲ್ಲ. ‘ಕ್ಕ’ವನ್ನು ‘ಕ’ ಮಾಡಿದ್ದು ಬೇರೆ: ಅಲ್ಲಿ ಒತ್ತು ಕಿವಿಗೇ ಬಿದ್ದಿಲ್ಲದಿರಬಹುದು. ಮೊದಲನೆಯದಕ್ಕೆ ಬರೆಸುವ ಅಭ್ಯಾಸ, ಎರಡನೆಯದಕ್ಕೆ ‘ಬಳಿ‑ಬಳ್ಳಿ, ಹಳಿ‑ಹಳ್ಳಿ’ ಎಂದು ಹೇಳಿ, ಕೇಳಿಸಿ, ಬೇರೆ ಮಾಡಿಸುವ ಅಭ್ಯಾಸ. ಈ ಕಲಿಕಾರ್ಥಿಗೆ ಪುಸ್ತಕವನ್ನು ಮತ್ತೆ ಮೊದಲಿನಿಂದ ಮಾಡಿಸುವುದು ಅನ್ಯಾಯ, ಎರಡು ವಾರ ಒತ್ತು ಹಿಡಿದರೆ ಸಾಕು.

ಹಾಗಾಗಿ ಅಂಕದ ಪಟ್ಟಿಯಲ್ಲಿ ನಾಲ್ಕು ಖಾನೆ ಮಾಡಿ: ಮೂಲಾಕ್ಷರ, ಕಾಗುಣಿತ, ಸಜಾತಿ ಒತ್ತು, ವಿಜಾತಿ ಒತ್ತು. ಪ್ರತಿಯೊಂದರಲ್ಲಿ ಎಷ್ಟಕ್ಕೆ ಎಷ್ಟು ಸರಿ ಎಂದು ಮಾತ್ರ. ಅಲ್ಪಪ್ರಾಣ‑ಮಹಾಪ್ರಾಣದ ತಪ್ಪನ್ನು ಪಕ್ಕಕ್ಕೆ ಬರೆದಿಟ್ಟುಕೊಳ್ಳಿ, ಅಂಕಕ್ಕೆ ಸೇರಿಸಬೇಡಿ. ಬರೆದದ್ದು ಓದುವವರಿಗೆ ತಿಳಿಯುತ್ತದೆ, ಅದು ಸದ್ಯಕ್ಕೆ ಸಾಕು. ನೋಡಿ ಬರೆಯುವುದನ್ನು ಬೇರೆಯಾಗಿಯೇ ಇಡಿ. ಮುತ್ತಿನಂತೆ ನಕಲು ಮಾಡುವವರು ಸ್ವಂತವಾಗಿ ಒಂದು ಸಾಲು ಬರೆಯಲಾರದೆ ಇರುತ್ತಾರೆ.

ಎಣಿಕೆಪುಸ್ತಕ

ಮೇಡಂ, ನಿಮ್ಮ ಹತ್ತು ನಿಮಿಷದಲ್ಲಿ ಇದು ಹಿಡಿಯುತ್ತದೆ: ಓದಿನ ಹಾಳೆ ನಾಲ್ಕು ನಿಮಿಷ, ಎರಡು ಪ್ರಶ್ನೆಯ ಬಾಯಿಲೆಕ್ಕ ಮತ್ತು ಬರಹಲೆಕ್ಕ ಮೂರು ನಿಮಿಷ, ಉಳಿದದ್ದು ಫಲಿತಾಂಶವನ್ನು ಅವರಿಗೇ ತೋರಿಸಲು. ಉಕ್ತಲೇಖನ ಎಲ್ಲರಿಗೂ ಒಟ್ಟಿಗೆ ಆಗಲಿ. ದಿನಕ್ಕೆ ಮೂವರಂತೆ ಹಿಡಿದರೆ ಎಂಟು ತರಗತಿಯಲ್ಲಿ 24 ಜನ ಮುಗಿಯುತ್ತಾರೆ. ಒಂದೇ ತಿಂಗಳ ಏರಿಳಿತಕ್ಕೆ ಪಾಠ ಬದಲಿಸಬೇಡಿ. ಜ್ವರ, ನಿದ್ದೆಗೆಟ್ಟ ದಿನ ಕೂಡ ಐದಾರು ಅಕ್ಷರ ಇಳಿಸುತ್ತದೆ. ಸಾಲಾಗಿ ಎರಡು ಸಲ ಏರದೆ ನಿಂತರೆ ಆಗ ಕೂತು ನೋಡಿ.

ತರಗತಿ ಮುಗಿದ ಮೂರು ತಿಂಗಳಿಗೆ ಇನ್ನೊಮ್ಮೆ ಅದೇ ಓದಿನ ಹಾಳೆ, ಬಳಸದೆ ಉಳಿಸಿಟ್ಟ ಒಂದು ಗದ್ಯದೊಂದಿಗೆ. ಆರರಲ್ಲಿ ಒಂದನ್ನು ಇದಕ್ಕೇ ಈಗಲೇ ಎತ್ತಿಡಿ, ತರಗತಿಗೆ ತರಲೇಬೇಡಿ. ಕೊನೆಯ ದಿನಕ್ಕಿಂತ ಇಳಿದವರ ಹೆಸರುಗಳನ್ನು ಮುಂದಿನ ತಂಡದ ಓದುವ ಗುಂಪಿಗೆ ಮೊದಲು ಸೇರಿಸಿಕೊಳ್ಳಿ.